ಮುಂಗಡ ಕೊಡುವ ಮುನ್ನ ನಕ್ಷೆ ನೋಡೋಣ

2016ರ ಆಗಸ್ಟ್‌ನಲ್ಲಿ ಬೆಂಗಳೂರಿನ ರಾಜಕಾಲುವೆ ಒತ್ತುವರಿ ತೆರವಿನ ವೇಳೆ ಮನೆಗಳು ನೆಲಸಮವಾದವು. ಬೀದಿಗೆ ಬಿದ್ದವರಲ್ಲಿ ಅನೇಕರ ಕೈಯಲ್ಲಿ ನೋಂದಾಯಿತ ಕ್ರಯಪತ್ರವಿತ್ತು, ಖಾತೆಯಿತ್ತು, ತೆರಿಗೆ ರಶೀದಿಯೂ ಇತ್ತು. ಆದರೆ ತೆರವಿಗೆ ಆಧಾರವಾದದ್ದು ಹಳೆಯ ಗ್ರಾಮ ನಕ್ಷೆಯಲ್ಲಿದ್ದ ಕಾಲುವೆಯ ಗೆರೆ.

ಜಮೀನು ಯಾರಿಂದ ಯಾರಿಗೆ ಹೋಯಿತೆಂದು ಕ್ರಯಪತ್ರ ಹೇಳುತ್ತದೆ; ಆ ನೆಲ ಮೊದಲು ಏನಾಗಿತ್ತೆಂದು ಹೇಳುವುದು ನಕ್ಷೆ. ಕೆರೆ, ಹಳ್ಳ, ಬಂಡಿದಾರಿಗಳ ಗುರುತು ಗ್ರಾಮ ನಕ್ಷೆಯಲ್ಲಿರುತ್ತದೆ. ನಾವು ನಿಂತ ಜಾಗದ ಸರ್ವೆ ನಂಬರನ್ನು ಸರಕಾರದ 'ದಿಶಾಂಕ್' ಆ್ಯಪ್ ಮೊಬೈಲಿನಲ್ಲೇ ತೋರಿಸುತ್ತದೆ. ಎರಡನ್ನೂ ಹೋಲಿಸಬೇಕು. ಪಹಣಿಯಲ್ಲಿ 'ಬಿ ಖರಾಬು', ಅಂದರೆ ಸಾರ್ವಜನಿಕ ಉಪಯೋಗದ ಭೂಮಿ, ಎಷ್ಟಿದೆಯೆಂದು ನೋಡಬೇಕು. ಸಂಶಯವಿದ್ದರೆ ಭೂಮಾಪಕರಿಂದ ಅಳತೆ ಮಾಡಿಸಬೇಕು. ಯಾಕೆಂದರೆ ಆ್ಯಪಿನ ಗೆರೆ ಸೂಚನೆಯೇ ಹೊರತು ತೀರ್ಪಲ್ಲ.

ಮಗಳಿಗೆ ಸಂಬಂಧ ನೋಡುವಾಗ ನಾಲ್ಕೂರು ವಿಚಾರಿಸುವ ನಾವು, ಜೀವಮಾನದ ದುಡಿಮೆಯನ್ನು ದಲ್ಲಾಳಿಯ ಒಂದು ಮಾತಿನ ಮೇಲೆ ಸುರಿಯುತ್ತೇವೆ. ಗಲ್ಫಿನ ಬಿಸಿಲಲ್ಲಿ ಬೆಂದು ಕಳುಹಿಸಿದ ಹಣಕ್ಕೂ ಇದೇ ಗತಿ.

ನಕ್ಷೆ ನೋಡದೆ ಅನುಮತಿ ಕೊಟ್ಟ ಅಧಿಕಾರಿಯ ಹೊಣೆ ಇದರಿಂದ ಕಡಿಮೆಯಾಗದು. ಆತನನ್ನು ಪ್ರಶ್ನಿಸಲೇಬೇಕು. ಆದರೆ ಜೆಸಿಬಿ ಬಂದ ದಿನ ಉರುಳುವುದು ಆತನ ಗೋಡೆಯಲ್ಲ, ನಮ್ಮದು.