ನಂಜುಂಡಪ್ಪನವರ ಲೆಕ್ಕ

ಸರ್ಕಾರಕ್ಕೆ ಸಲಹೆ ಕೊಡುವ ಅರ್ಥಶಾಸ್ತ್ರಜ್ಞನ ಮಾತು ಹೆಚ್ಚಾಗಿ ಕಡತದಲ್ಲೇ ಉಳಿಯುತ್ತದೆ. ಡಾ. ಡಿ.ಎಂ. ನಂಜುಂಡಪ್ಪನವರದು ಹಾಗಾಗಲಿಲ್ಲ. ಧಾರವಾಡದ ಕರ್ನಾಟಕ ಹಾಗೂ ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಯಾಗಿ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿ ದುಡಿದ ಅವರನ್ನು ನಾಡು ನೆನೆಯುವುದು 2002ರಲ್ಲಿ ಕೊಟ್ಟ ಒಂದು ವರದಿಗಾಗಿ.

ಉತ್ತರ ಕರ್ನಾಟಕ ಹಿಂದುಳಿದಿದೆ ಎಂಬ ಕೊರಗು ಹಳೆಯದು. ಅದನ್ನು ಅಳೆದು ತೋರಿಸಿದ್ದು ಈ ವರದಿ. ನಂಜುಂಡಪ್ಪನವರ ನೇತೃತ್ವದ ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳತೆಗೆ ತೆಗೆದುಕೊಂಡಿತು. ಇದೇ ಅದರ ದೊಡ್ಡ ಹೆಜ್ಜೆ. ಜಿಲ್ಲೆಯ ಸರಾಸರಿಯಲ್ಲಿ ಬಡ ತಾಲ್ಲೂಕು ಮುಚ್ಚಿಹೋಗುತ್ತದೆ. 35 ಸೂಚಕಗಳನ್ನಿಟ್ಟು 175 ತಾಲ್ಲೂಕುಗಳನ್ನು ತೂಗಿದಾಗ 114 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ಅಂದಿನ ಗುಲ್ಬರ್ಗ ವಿಭಾಗದವೇ. ದಕ್ಷಿಣದ ತಾಲ್ಲೂಕುಗಳೂ ಪಟ್ಟಿಯಲ್ಲಿದ್ದವು ಎಂಬುದನ್ನು ನಾವು ಮರೆಯಬಾರದು. ಅವರು ಯಾವ ಸೀಮೆಯ ಪರವಾಗಿಯೂ ವಕಾಲತ್ತು ವಹಿಸಲಿಲ್ಲ.

ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವ್ಯಯಿಸಬೇಕೆಂದು ಅವರು ಹೇಳಿದ್ದರು. ಆ ಶಿಫಾರಸಿನಂತೆ ವಿಶೇಷ ಅಭಿವೃದ್ಧಿ ಯೋಜನೆ ಆರಂಭವಾದದ್ದು 2007-08ರಲ್ಲಿ. ಅಷ್ಟರಲ್ಲಿ, 2005ರಲ್ಲೇ, ಅವರು ತೀರಿಕೊಂಡಿದ್ದರು. ಈ ವಿಳಂಬ ನೋವಿನ ಸಂಗತಿ. ಶಾಲೆಯ ಕೋಣೆಗಾಗಿ, ದಾದಿಗಾಗಿ ಕಾದ ಮಕ್ಕಳು ಆ ಹೊತ್ತಿಗೆ ದೊಡ್ಡವರಾಗಿದ್ದರು.

ಎರಡು ದಶಕ ಕಳೆದ ಮೇಲೆ ಪ್ರೊ. ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಸರ್ಕಾರ ಇದೇ ಅಸಮತೋಲನದ ಅಧ್ಯಯನಕ್ಕೆ ಮತ್ತೊಂದು ಸಮಿತಿ ರಚಿಸಿತು. ಹಳೆಯ ಪಟ್ಟಿಯ ಪ್ರತಿ ತಾಲ್ಲೂಕಿಗೂ ಹೋದ ಹಣವೆಷ್ಟು, ಅದರಿಂದ ಬದಲಾದದ್ದೇನು ಎಂಬ ಲೆಕ್ಕವನ್ನು ಸರ್ಕಾರ ಮೊದಲು ಜನರ ಮುಂದಿಡಲಿ.