ಲೋಕಲ್ ಮೊದಲೋ, ಎಸಿ ಲೋಕಲ್ ಮೊದಲೋ?

ಸಂಜೆ ದಾದರಿನ ಪಶ್ಚಿಮ ಮಾರ್ಗದ ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಕಣ್ಣೆಲ್ಲ ಇಂಡಿಕೇಟರಿನ ಮೇಲೆ. ಊರಿನ ಹೆಸರಿನ ಪಕ್ಕ ‘ಎಸ್’ ಬಿದ್ದರೆ ಸ್ಲೋ, ಮುಂದಿನ ಮಾಟುಂಗಾ ರೋಡಿನಲ್ಲೂ ನಿಲ್ಲುತ್ತದೆ. ‘ಎಫ್’ ಬಿದ್ದರೆ ಫಾಸ್ಟ್, ಅಲ್ಲಿ ನಿಲ್ಲುವುದಿಲ್ಲ. 2017ರ ಡಿಸೆಂಬರ್ 25ರಿಂದ ಇದೇ ಮಾರ್ಗದಲ್ಲಿ ಎಸಿ ಲೋಕಲ್ ಕೂಡ ಓಡುತ್ತಿದೆ. ಅದರ ದರ ಬೇರೆ. ಸಾಮಾನ್ಯ ಪಾಸ್ ಹಿಡಿದು ಹತ್ತುವಂತಿಲ್ಲ. ಮುಂಬಯಿಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಕಂಪ್ಯೂಟರಿಗೆ ಮಾತ್ರ ಕಲಿಸಬೇಕು, ಮತ್ತು ಕಲಿಸುವಾಗ ಒಳ್ಳೊಳ್ಳೆಯ ಪ್ರೋಗ್ರಾಮರುಗಳೂ ಒಂದು ಕಡೆ ಎಡವುತ್ತಾರೆ.

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗಿನಲ್ಲಿ ಒಂದು ಬಗೆಯ ವಸ್ತುವಿನ ಲಕ್ಷಣಗಳನ್ನೆಲ್ಲ ಒಟ್ಟಿಗೆ ಬರೆದಿಟ್ಟ ಅಚ್ಚಿಗೆ ಕ್ಲಾಸ್ ಎನ್ನುತ್ತಾರೆ. ‘ಲೋಕಲ್’ ಒಂದು ಕ್ಲಾಸ್. ‘ಎಸಿ ಲೋಕಲ್’ ಅದರ ಮಗು: ಲೋಕಲಿನ ಗುಣಗಳೆಲ್ಲ ಅದಕ್ಕೆ ತಾನಾಗಿ ಬರುತ್ತವೆ, ಜೊತೆಗೆ ತನ್ನವೇ ಆದ ಕೆಲವು ಸೇರುತ್ತವೆ. ಈ ಬಳುವಳಿಗೆ ಇನ್‌ಹೆರಿಟೆನ್ಸ್ ಎಂದು ಹೆಸರು. ನಾರ್ವೆಯ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್ ರೂಪಿಸಿದ ಸಿಮುಲಾ 67 ಭಾಷೆಯಲ್ಲಿ ಇದು ಮೊದಲು ಕಾಣಿಸಿಕೊಂಡಿತು.

ಈಗ ಟಿಕೆಟ್ ದರ ಹೇಳುವ ಪ್ರೋಗ್ರಾಂ ಒಂದನ್ನು ಊಹಿಸಿಕೊಳ್ಳಿ. ಮೊದಲ ಸಾಲು: ಬಂದದ್ದು ಲೋಕಲ್ ಆದರೆ ಸಾಮಾನ್ಯ ದರ. ಎರಡನೆಯ ಸಾಲು: ಎಸಿ ಲೋಕಲ್ ಆದರೆ ಎಸಿ ದರ. ಓದಲು ಸರಿಯಾಗಿಯೇ ಇದೆ. ಆದರೆ ಎಸಿ ಲೋಕಲ್ ಕೂಡ ಲೋಕಲ್ಲೇ ತಾನೆ? ಮೊದಲ ಸಾಲೇ ಅದನ್ನು ಹಿಡಿದುಬಿಡುತ್ತದೆ, ಎರಡನೆಯ ಸಾಲಿಗೆ ಕೆಲಸವೇ ಬರುವುದಿಲ್ಲ. ಹಾಗಾಗಿ ಮಗುವನ್ನು ಮೊದಲು ಕೇಳಬೇಕು, ತಾಯಿಯನ್ನು ಆಮೇಲೆ. ಎರಡೇ ಸಾಲಿದ್ದರೆ ಕೈಯಿಂದ ಸರಿಪಡಿಸಬಹುದು. ಇನ್ನೂರಿದ್ದರೆ ಕಂಪ್ಯೂಟರಿಗೇ ಹೇಳಬೇಕು: ಕ್ಲಾಸುಗಳನ್ನು ವಂಶದ ಪ್ರಕಾರ ಸಾಲಾಗಿ ನಿಲ್ಲಿಸು.

ಎಡವುವುದು ಇಲ್ಲೇ. ಸಾಲಾಗಿ ನಿಲ್ಲಿಸುವ ಸಿದ್ಧ ವಿಧಾನಗಳು ಎರಡೆರಡನ್ನು ಎತ್ತಿಕೊಂಡು ಯಾವುದು ಮುಂದೆ, ಯಾವುದು ಹಿಂದೆ ಎಂದು ಕೇಳುತ್ತವೆ. ಎಸಿ ಲೋಕಲ್ ಮತ್ತು ಲೋಕಲ್ ನಡುವೆ ಉತ್ತರವಿದೆ. ಲೋಕಲ್ ಮತ್ತು ಬೆಸ್ಟ್ ಬಸ್ಸಿನ ನಡುವೆ? ಒಂದು ಇನ್ನೊಂದರ ಮಗುವಲ್ಲ. ಉತ್ತರ ಸಿಗದ ಪ್ರೋಗ್ರಾಮರು ‘ಎರಡೂ ಸಮ’ ಎಂದು ಬರೆದುಬಿಡುತ್ತಾರೆ. ಮೇಲ್ನೋಟಕ್ಕೆ ಏನೂ ಕೆಡುಕಿಲ್ಲದ ಆ ಒಂದು ಪದ ಇಡೀ ಸಾಲನ್ನು ಕೆಡಿಸುತ್ತದೆ.

ಮೂರೇ ಹೆಸರು ಹಿಡಿದು ನೋಡಿ: ಲೋಕಲ್, ಬಸ್, ಎಸಿ ಲೋಕಲ್, ಇದೇ ಕ್ರಮದಲ್ಲಿ. ಅಕ್ಕಪಕ್ಕದವನ್ನು ಹೋಲಿಸುತ್ತ ಹೋಗೋಣ. ಲೋಕಲ್ ಮತ್ತು ಬಸ್ ಸಮ, ಇದ್ದಲ್ಲೇ ಇರಲಿ. ಬಸ್ ಮತ್ತು ಎಸಿ ಲೋಕಲ್ ಸಮ, ಇದ್ದಲ್ಲೇ ಇರಲಿ. ಕೆಲಸ ಮುಗಿಯಿತು ಎಂದು ಕಂಪ್ಯೂಟರ್ ಹೇಳುತ್ತದೆ. ಆದರೆ ತಾಯಿ ಇನ್ನೂ ಮಗುವಿನ ಮುಂದೆಯೇ ನಿಂತಿದ್ದಾಳೆ! ನಡುವೆ ಬಂದ ಬಸ್ಸು ಇಬ್ಬರನ್ನೂ ಎದುರುಬದುರಾಗಲು ಬಿಡಲೇ ಇಲ್ಲ. ಸಂಬಂಧವಿಲ್ಲದಿರುವುದು ಬೇರೆ, ಸಮನಾಗಿರುವುದು ಬೇರೆ. ರೂಬಿ ಭಾಷೆ ಈ ವಿಷಯದಲ್ಲಿ ಪ್ರಾಮಾಣಿಕ. ನಂಟಿಲ್ಲದ ಎರಡು ಕ್ಲಾಸುಗಳನ್ನು ಹೋಲಿಸಲು ಹೇಳಿದರೆ ಅದು ‘ಸಮ’ ಎಂಬರ್ಥದ ಸೊನ್ನೆ ಕೊಡುವುದಿಲ್ಲ, ‘ನಿಲ್’ ಎನ್ನುತ್ತದೆ, ಅಂದರೆ ಉತ್ತರವೇ ಇಲ್ಲ. ಹಾಗೆ ಹೇಳುವುದೇ ಸರಿ ಎಂದು ನನಗನ್ನಿಸುತ್ತದೆ.

ಮದುವೆ ಕರೆಯೋಲೆ ಬರೆಸಿದವರಿಗೆ ಈ ತಾಪತ್ರಯ ಗೊತ್ತಿರುತ್ತದೆ. ಅಜ್ಜಿಯ ಹೆಸರು ಅಮ್ಮನ ಹೆಸರಿಗಿಂತ ಮೇಲೆ ಬರಬೇಕು, ಅದರಲ್ಲಿ ತಕರಾರಿಲ್ಲ. ದೊಡ್ಡಪ್ಪನ ಮಗ ಮತ್ತು ಸೋದರತ್ತೆಯ ಮಗಳ ನಡುವೆ ವಂಶ ಏನನ್ನೂ ಹೇಳುವುದಿಲ್ಲ; ವಯಸ್ಸನ್ನೋ ಇನ್ನೇನನ್ನೋ ನೋಡಿ ತೀರ್ಮಾನಿಸುತ್ತೇವೆ. ಹಿರಿಯರನ್ನು ಮೊದಲು ಬರೆದು, ಅವರ ಹೆಸರು ಬಂದಮೇಲೆಯೇ ಮಕ್ಕಳ ಹೆಸರಿಗೆ ಇಳಿಯುತ್ತೇವೆ. ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ ಟೋಪಲಾಜಿಕಲ್ ಸಾರ್ಟಿಂಗ್ ವಿಧಾನದ ತಿರುಳೂ ಇದೇ: ತನಗಿಂತ ಮೊದಲು ಬರಬೇಕಾದವರು ಯಾರೂ ಬಾಕಿ ಉಳಿಯದವರನ್ನು ಎತ್ತಿ ಬರೆ, ಪಟ್ಟಿಯಿಂದ ಅವರನ್ನು ತೆಗೆ, ಮತ್ತೆ ಹುಡುಕು. ನಮ್ಮ ದರಪಟ್ಟಿಗೆ ಇದನ್ನು ಮಗುವಿನ ಕಡೆಯಿಂದ ಮಾಡಬೇಕು, ಅಷ್ಟೆ.

ಇದಕ್ಕಿಂತ ಸುಲಭದ ದಾರಿಯೂ ಉಂಟು: ಪ್ರತಿ ಕ್ಲಾಸಿನ ಪೂರ್ವಜರನ್ನು ಎಣಿಸುವುದು. ಎಲ್ಲಕ್ಕೂ ಮೂಲವಾದ ‘ವಾಹನ’ಕ್ಕೆ 0. ಬಸ್ಸಿಗೆ 1, ಲೋಕಲಿಗೆ 1. ಎಸಿ ಲೋಕಲಿಗೆ 2, ಫಾಸ್ಟ್ ಲೋಕಲಿಗೆ 2. ತಾಯಿಯ ಪೂರ್ವಜರೆಲ್ಲ ಮಗುವಿಗೂ ಪೂರ್ವಜರು, ಮೇಲಾಗಿ ತಾಯಿಯೂ ಒಬ್ಬಳು. ಆದ್ದರಿಂದ ಮಗುವಿನ ಎಣಿಕೆ ಯಾವಾಗಲೂ ಹೆಚ್ಚೇ. ಹೆಚ್ಚಿನದ್ದನ್ನು ಮುಂದಿಟ್ಟರಾಯಿತು. ಇಲ್ಲಿ ಹೋಲಿಸುವುದು ಅಂಕಿಗಳನ್ನು, ಅಂಕಿಗಳ ನಡುವೆ ನಂಟಿಲ್ಲ ಎಂಬ ಮಾತೇ ಬರುವುದಿಲ್ಲ.

ಮುಂಬಯಿಯ ಬಂಟರು, ಮೊಗವೀರರು ಊರಿನಿಂದ ಜೊತೆಗೆ ತಂದ ಅಳಿಯಸಂತಾನದ ಪದ್ಧತಿಯಲ್ಲಿ ‘ಬರಿ’ ಎಂಬ ಕುಲ ತಾಯಿಯಿಂದ ಮಾತ್ರ ಬರುತ್ತದೆ. ಒಬ್ಬರಿಗೆ ಒಂದೇ ಬರಿ, ಗೊಂದಲಕ್ಕೆ ಎಡೆಯಿಲ್ಲ. ಜಾವಾದಲ್ಲಿಯೂ ಒಂದು ಕ್ಲಾಸಿಗೆ ಒಂದೇ ತಾಯಿ-ಕ್ಲಾಸ್. ಸಿ++ ಮತ್ತು ಪೈಥಾನ್ ಎರಡು-ಮೂರು ಕಡೆಯಿಂದ ಬಳುವಳಿ ಪಡೆಯಲು ಬಿಡುತ್ತವೆ. ಎಸಿ ಫಾಸ್ಟ್ ಲೋಕಲ್ ಅಂಥದ್ದು: ಎಸಿಯದ್ದೂ ಮಗು, ಫಾಸ್ಟಿನದ್ದೂ ಮಗು. ಪೂರ್ವಜರು 4. ಲೋಕಲ್ ಎರಡು ದಾರಿಯಿಂದ ಬಂದರೂ ಒಂದೇ ಸಲ ಎಣಿಸಬೇಕು. ಇಂಥ ಕಡೆ ಒಂದು ಕ್ಲಾಸಿನ ಹಿರಿಯರನ್ನು ಯಾವ ಕ್ರಮದಲ್ಲಿ ನೋಡಬೇಕೆಂದು ತೀರ್ಮಾನಿಸುವ ಸಿ3 ಎಂಬ ವಿಧಾನ 1996ರಲ್ಲಿ ಡಿಲನ್ ಭಾಷೆಗಾಗಿ ಹುಟ್ಟಿತು. 2003ರ ಪೈಥಾನ್ 2.3 ಅದನ್ನು ತನ್ನದಾಗಿಸಿಕೊಂಡಿತು. ಅದರ ಷರತ್ತು: ಮಗು ತಾಯಿಗಿಂತ ಮೊದಲು; ತಾಯಂದಿರ ಹೆಸರು ಬರೆದ ಕ್ರಮದಲ್ಲೇ ಅವರ ಸರದಿ. ಎರಡೂ ಷರತ್ತು ಒಟ್ಟಿಗೆ ಕೂಡಿಬರದಿದ್ದರೆ ಪೈಥಾನ್ ಆ ಕ್ಲಾಸನ್ನು ಕಟ್ಟಲೇ ಒಪ್ಪುವುದಿಲ್ಲ.

ದರಪಟ್ಟಿಯಲ್ಲಿ ಈಗ ಎಸಿ ಫಾಸ್ಟ್ ಎಲ್ಲಕ್ಕಿಂತ ಮುಂದೆ, ಲೋಕಲ್ ಅವುಗಳೆಲ್ಲದರ ಹಿಂದೆ. ನಡುವೆ ಎಸಿ ಮತ್ತು ಫಾಸ್ಟ್, ಎರಡಕ್ಕೂ ಅಂಕಿ 2. ಇವುಗಳಲ್ಲಿ ಯಾವುದು ಮೊದಲು ಎಂದು ವಂಶವೃಕ್ಷ ಹೇಳಲಾರದು. ಫಾಸ್ಟಿಗೂ ಸ್ಲೋಗೂ ದರ ಒಂದೇ, ಎಸಿಗೆ ಮಾತ್ರ ಬೇರೆ ಎಂದು ಗೊತ್ತಿರುವ ಯಾರಾದರೂ ಆ ಸಾಲನ್ನು ಕೈಯಾರೆ ಬರೆಯಬೇಕು.