ಸುಮ್ಮನೆ ಕೂರುವುದಕ್ಕೂ ಲೆಕ್ಕ ಒಪ್ಪಿಸಬೇಕೇ?

‘ಕ್ರಿಸ್ಟೋಫರ್ ರಾಬಿನ್’ ಸಿನಿಮಾವನ್ನು ನಮ್ಮಲ್ಲಿ ಕೆಲವರಾದರೂ ನೋಡಿರಬಹುದು. 2018ರಲ್ಲಿ ಬಂದ ಡಿಸ್ನಿ ಚಿತ್ರ. ನಿರ್ದೇಶಕ ಮಾರ್ಕ್ ಫಾರ್ಸ್ಟರ್. ಇದರಲ್ಲಿ ಕರಡಿ ಗೊಂಬೆ ಮಾತಾಡುತ್ತದೆ, ಕತ್ತೆ ಗೊಂಬೆ ಗೊಣಗುತ್ತದೆ, ಹುಲಿ ಗೊಂಬೆ ನಿಂತಲ್ಲಿ ನಿಲ್ಲದೆ ಕುಣಿಯುತ್ತದೆ. ಹಾಗಾಗಿ ಇದು ಚಿಕ್ಕ ಮಕ್ಕಳ ಚಿತ್ರ ಎಂದು ಪಕ್ಕಕ್ಕೆ ಸರಿಸುವವರೇ ಹೆಚ್ಚು. ಆದರೆ ಇದನ್ನು ನೋಡಬೇಕಾದವರು ಪಿಯುಸಿ ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಉಪನ್ಯಾಸಕರು ಎಂದು ನನಗೆ ಅನಿಸುತ್ತದೆ. ಚಿತ್ರ ನನಗೆ ಇಷ್ಟ. ಅದರ ಕೊನೆಯ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ.

ಮೊದಲು ಮೂಲ ಕತೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಎ. ಎ. ಮಿಲ್ನ್ ಇಂಗ್ಲೆಂಡಿನ ಲೇಖಕ. ಮಗ ಕ್ರಿಸ್ಟೋಫರ್ ರಾಬಿನ್ ಆಡುತ್ತಿದ್ದ ಗೊಂಬೆಗಳನ್ನೇ ಪಾತ್ರಗಳನ್ನಾಗಿ ಮಾಡಿಕೊಂಡು ಅವರು 1926ರಲ್ಲಿ ‘ವಿನ್ನಿ ದ ಪೂ’, 1928ರಲ್ಲಿ ‘ದ ಹೌಸ್ ಅಟ್ ಪೂ ಕಾರ್ನರ್’ ಎಂಬ ಪುಸ್ತಕಗಳನ್ನು ಬರೆದರು. ಚಿತ್ರಗಳನ್ನು ಬರೆದವರು ಇ. ಎಚ್. ಶೆಪರ್ಡ್. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಆಶ್‌ಡೌನ್ ಕಾಡೇ ಕತೆಯ ನೂರು ಎಕರೆ ಕಾಡಿಗೆ ಮಾದರಿ. ಆ ಕಾಡಿನಲ್ಲಿ ದೊಡ್ಡ ಘಟನೆ ಯಾವುದೂ ನಡೆಯುವುದಿಲ್ಲ. ಪೂ ಕರಡಿಗೆ ಜೇನು ಬೇಕು. ಈಯೋರ್ ಕತ್ತೆಯ ಬಾಲ ಕಳೆದುಹೋಗುತ್ತದೆ. ಗೆಳೆಯರು ಸೇತುವೆಯ ಮೇಲಿಂದ ಕಡ್ಡಿ ಎಸೆದು, ಯಾರದ್ದು ಮೊದಲು ಆಚೆ ಬದಿಗೆ ತೇಲಿ ಬರುತ್ತದೆ ಎಂದು ಕಾಯುತ್ತಾರೆ. ಎರಡನೇ ಪುಸ್ತಕದ ಕೊನೆಯಲ್ಲಿ ಹುಡುಗ ದೊಡ್ಡವನಾಗುವ ಕಾಲ ಬಂದು, ಕಾಡಿಗೆ ವಿದಾಯ ಹೇಳುತ್ತಾನೆ.

ಸಿನಿಮಾ ಆರಂಭವಾಗುವುದೇ ಈ ವಿದಾಯದಿಂದ. ಹುಡುಗ ಬೋರ್ಡಿಂಗ್ ಶಾಲೆಗೆ ಹೋಗುತ್ತಾನೆ, ಬೆಳೆಯುತ್ತಾನೆ, ಯುದ್ಧಕ್ಕೆ ಹೋಗಿ ಬರುತ್ತಾನೆ, ಲಂಡನ್ನಿನ ಸೂಟ್‌ಕೇಸ್ ಕಂಪನಿಯೊಂದರಲ್ಲಿ ಅಧಿಕಾರಿಯಾಗುತ್ತಾನೆ. ಖರ್ಚನ್ನು ಶೇ. 20ರಷ್ಟು ಇಳಿಸಬೇಕು, ಇಲ್ಲವಾದರೆ ಜನರನ್ನು ಕೆಲಸದಿಂದ ತೆಗೆಯಬೇಕು ಎಂಬ ಆದೇಶ ಬರುತ್ತದೆ. ವಾರಾಂತ್ಯದಲ್ಲಿ ಹೆಂಡತಿ ಮತ್ತು ಮಗಳ ಜೊತೆ ಊರಿಗೆ ಹೋಗುತ್ತೇನೆಂದು ಕೊಟ್ಟ ಮಾತು ಮುರಿಯುತ್ತದೆ. ಆಗ ಹಳೆಯ ಗೆಳೆಯ ಪೂ ಕರಡಿ ಕಾಡಿನಿಂದ ಹೊರಟು ಲಂಡನ್ನಿಗೆ ಬಂದುಬಿಡುತ್ತದೆ. ದೊಡ್ಡವನಾದ ಕ್ರಿಸ್ಟೋಫರ್ ಪಾತ್ರದಲ್ಲಿ ಯೂವನ್ ಮೆಕ್‌ಗ್ರೆಗರ್ ಇದ್ದಾರೆ. ಪೂಗೆ ದನಿ ಕೊಟ್ಟವರು ಜಿಮ್ ಕಮಿಂಗ್ಸ್. ಗೊಂಬೆಗಳನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ, ಅವುಗಳ ಮಾಸಿದ ರೋಮವನ್ನು ಮುಟ್ಟಿ ನೋಡಬೇಕು ಎನಿಸುತ್ತದೆ. ಚಿತ್ರದ ವಿಷುಯಲ್ ಎಫೆಕ್ಟ್ಸ್ ಆಸ್ಕರ್ ನಾಮನಿರ್ದೇಶನವನ್ನೂ ಪಡೆದಿತ್ತು.

ವಿಮರ್ಶೆಗಳೆಲ್ಲ ಅಪ್ಪನ ಬಗ್ಗೆ ಮಾತಾಡುತ್ತವೆ. ನನ್ನ ಕಣ್ಣು ಮಾತ್ರ ಮಗಳು ಮ್ಯಾಡಲೀನ್ ಮೇಲೆಯೇ ಇತ್ತು. ಅವಳನ್ನೂ ಬೋರ್ಡಿಂಗ್ ಶಾಲೆಗೆ ಕಳಿಸಲು ತಯಾರಿ ನಡೆದಿದೆ. ರಜೆಯಲ್ಲೂ ಅವಳ ಮುಂದೆ ಪುಸ್ತಕಗಳ ರಾಶಿ. ರಾತ್ರಿ ಅಪ್ಪ ಏನಾದರೂ ಓದಿ ಹೇಳುತ್ತೇನೆ ಎಂದಾಗ ಅವಳ ಮುಖ ಅರಳುತ್ತದೆ. ಅವನು ಓದುವುದು ಕತೆಯನ್ನಲ್ಲ, ಚರಿತ್ರೆಯ ಒಣ ಪುಟಗಳನ್ನು. ಅವಳು ಎದುರು ಮಾತಾಡುವುದಿಲ್ಲ, ಅಳುವುದಿಲ್ಲ. ನಿದ್ದೆ ಬರುತ್ತಿದೆ ಎಂದುಬಿಡುತ್ತಾಳೆ. ಅಪ್ಪ ಕೆಟ್ಟವನಲ್ಲ, ಅವಳ ಒಳ್ಳೆಯದಕ್ಕೇ ಮಾಡುತ್ತಿದ್ದಾನೆ. ಅದಕ್ಕೇ ಅವಳಿಗೆ ಹೇಳಲು ಬಾಯಿ ಬರುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಇಂತಹ ಎಷ್ಟು ಮಂದಿ ಮ್ಯಾಡಲೀನ್‌ಗಳಿದ್ದಾರೆ ಎಂದು ಲೆಕ್ಕ ಹಾಕಿದರೆ ಹಾಜರಿ ಪುಸ್ತಕವನ್ನೇ ತರಬೇಕಾದೀತು.

ಇನ್ನು ನನ್ನ ತಕರಾರು. ಚಿತ್ರದುದ್ದಕ್ಕೂ ಪೂ ನಮಗೆ ಕಲಿಸುವುದು ಒಂದೇ ಪಾಠ: ಏನೂ ಮಾಡದೆ ಇರುವುದಕ್ಕೂ ಅದರದೇ ಬೆಲೆ ಇದೆ. ರೈಲಿನಲ್ಲಿ ಕ್ರಿಸ್ಟೋಫರ್ ಕಡತದಲ್ಲಿ ಮುಳುಗಿರುವಾಗ, ಪೂ ಕಿಟಕಿಯಾಚೆ ಕಂಡದ್ದನ್ನೆಲ್ಲ ಒಂದೊಂದಾಗಿ ಹೆಸರಿಸುತ್ತಾ ಕೂರುತ್ತದೆ. ಅದರಿಂದ ಯಾರಿಗೂ ಏನೂ ಲಾಭವಿಲ್ಲ, ಆ ದೃಶ್ಯದ ಸೊಗಸೂ ಅದೇ. ಆದರೆ ಕೊನೆಗೆ ಏನಾಗುತ್ತದೆ? ಕ್ರಿಸ್ಟೋಫರ್ ಮಾಲೀಕರ ಮುಂದೆ ನಿಂತು ಉಪಾಯ ಹೇಳುತ್ತಾನೆ: ನೌಕರರಿಗೆಲ್ಲ ಸಂಬಳ ಸಹಿತ ರಜೆ ಕೊಡಿ, ರಜೆ ಸಿಕ್ಕರೆ ಜನ ಪ್ರವಾಸ ಹೋಗುತ್ತಾರೆ, ಪ್ರವಾಸಕ್ಕೆ ಸೂಟ್‌ಕೇಸ್ ಬೇಕಾಗುತ್ತದೆ, ನಮ್ಮ ಮಾರಾಟ ಹೆಚ್ಚುತ್ತದೆ! ಮಾಲೀಕರು ಒಪ್ಪುತ್ತಾರೆ. ಎಲ್ಲರಿಗೂ ಖುಷಿ.

ನನಗೆ ಖುಷಿಯಾಗಲಿಲ್ಲ. ವಿಶ್ರಾಂತಿ ಬೇಕು ಎನ್ನಲು ಅದರಿಂದ ವ್ಯಾಪಾರ ಹೆಚ್ಚುತ್ತದೆ ಎಂದು ಸಾಬೀತು ಮಾಡಬೇಕೇ? ಹಾಗಾದರೆ ಸೂಟ್‌ಕೇಸ್ ಮಾರಾಟವಾಗದಿದ್ದರೆ ಆ ನೌಕರರಿಗೆ ರಜೆ ಇರುತ್ತಿರಲಿಲ್ಲವೇ? ಒಂದೂವರೆ ಗಂಟೆ ಕರಡಿಯ ಮಾತು ಕೇಳಿಸಿದ ಚಿತ್ರ, ಕೊನೆಯ ಹತ್ತು ನಿಮಿಷದಲ್ಲಿ ಮಾಲೀಕರ ಮಾತನ್ನೇ ಆಡುತ್ತದೆ.

ಇತಿಹಾಸವೂ ಚಿತ್ರ ತೋರಿಸಿದ ಹಾಗಿಲ್ಲ. ಎರಡನೇ ಮಹಾಯುದ್ಧಕ್ಕೆ ಮೊದಲೇ, 1938ರಲ್ಲಿ, ಬ್ರಿಟನ್ನಿನಲ್ಲಿ ಸಂಬಳ ಸಹಿತ ರಜೆಯ ಕಾಯ್ದೆ ಬಂದಿತ್ತು. ಅದರ ಹಿಂದೆ ಕಾರ್ಮಿಕ ಸಂಘಗಳ ಅನೇಕ ವರ್ಷಗಳ ಒತ್ತಾಯವಿತ್ತು. ನಮ್ಮ ದೇಶದಲ್ಲೂ 1948ರ ಕಾರ್ಖಾನೆ ಕಾಯ್ದೆ ವಾರದ ರಜೆಯನ್ನೂ, ವರ್ಷದಲ್ಲಿ 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದರಂತೆ ಸಂಬಳ ಸಹಿತ ರಜೆಯನ್ನೂ ಕೊಟ್ಟಿತು. ಇವು ಯಾವನೋ ಒಬ್ಬ ಬುದ್ಧಿವಂತ ಅಧಿಕಾರಿಗೆ ಹೊಳೆದ ಉಪಾಯಗಳಲ್ಲ. ದುಡಿಯುವವನೂ ಮನುಷ್ಯ ಎಂದು ಕೇಳಿ ಪಡೆದ ಹಕ್ಕುಗಳು.

ಆಟವನ್ನು ಲಾಭಕ್ಕೆ ತಿರುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ನಿಜವಾದ ಕ್ರಿಸ್ಟೋಫರ್ ರಾಬಿನ್ ಮಿಲ್ನ್ ಅವರ ಬದುಕೇ ಉದಾಹರಣೆ. ಅವರ ಬಾಲ್ಯದ ಆಟ ಪುಸ್ತಕವಾಯಿತು, ಪುಸ್ತಕ ಜಗತ್ತಿನಾದ್ಯಂತ ಮಾರಾಟವಾಯಿತು. ಶಾಲೆಯಲ್ಲಿ ಸಹಪಾಠಿಗಳು ಅದೇ ಹೆಸರು ಹಿಡಿದು ಗೇಲಿ ಮಾಡಿದರು. ಆ ಪ್ರಸಿದ್ಧಿ ಅವರಿಗೆ ಬಹುಕಾಲ ಭಾರವಾಗಿತ್ತು. 1951ರಲ್ಲಿ ಅವರು ಡಾರ್ಟ್‌ಮತ್ ಎಂಬ ಊರಿನಲ್ಲಿ ಪುಸ್ತಕದ ಅಂಗಡಿ ತೆರೆದರು, 1974ರಲ್ಲಿ ತಮ್ಮ ಬಾಲ್ಯದ ನೆನಪುಗಳನ್ನು ತಾವೇ ಬರೆದರು. ಅವರು ಆಡಿದ್ದ ಗೊಂಬೆಗಳು ಈಗ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದ ಗಾಜಿನ ಪೆಟ್ಟಿಗೆಯಲ್ಲಿವೆ.

ಈಗ ನಮ್ಮ ವಿಷಯ. ನಮಗೆ ಯಾರೂ ಆಡಬೇಡಿ ಎಂದು ನೇರವಾಗಿ ಹೇಳುವುದಿಲ್ಲ. ‘ಸ್ವಲ್ಪ ಹೊತ್ತು ಆಡು, ಮೈಂಡ್ ಫ್ರೆಶ್ ಆಗುತ್ತದೆ, ಓದಿದ್ದು ತಲೆಗೆ ಹತ್ತುತ್ತದೆ’ ಎನ್ನುತ್ತಾರೆ. ‘ಕತೆ ಪುಸ್ತಕ ಓದು, ಲ್ಯಾಂಗ್ವೇಜ್ ಇಂಪ್ರೂವ್ ಆಗುತ್ತದೆ’ ಎನ್ನುತ್ತಾರೆ. ಮಾತು ಪ್ರೀತಿಯದೇ. ಆದರೆ ಇದು ಸೂಟ್‌ಕೇಸಿನ ಲೆಕ್ಕವೇ ಅಲ್ಲವೇ? ಆಟವೂ ಮಾರ್ಕ್ಸಿಗಾಗಿ, ಕತೆಯೂ ಮಾರ್ಕ್ಸಿಗಾಗಿ, ನಿದ್ದೆಯೂ ಮಾರ್ಕ್ಸಿಗಾಗಿ. ಹೀಗೆ ಆಡಿದ ಆಟದಲ್ಲಿ ಗಡಿಯಾರದ ಮೇಲೆಯೇ ಕಣ್ಣಿರುತ್ತದೆ.

ಇದಕ್ಕೆ ಬರುವ ಉತ್ತರವೂ ನನಗೆ ಗೊತ್ತು. ‘ಮಿಲ್ನ್ ಮಗನಿಗೆ ಕಾಡಿತ್ತು, ತೋಟವಿತ್ತು, ಸುಮ್ಮನೆ ಕೂರಬಹುದಿತ್ತು. ನಮ್ಮ ಮಕ್ಕಳಿಗೆ ಇರುವುದು ಸಿಇಟಿ, ನೀಟ್ ಮಾತ್ರ.’ ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಮನೆಯಿಂದ ಕಾಲೇಜಿಗೆ ಬಂದ ಮೊದಲಿಗರು. ಸರಕಾರಿ ಸೀಟು ಸಿಕ್ಕರೆ ಮಾತ್ರ ಮುಂದಿನ ಓದು ಎಂಬ ಮನೆಗಳಿವೆ. ತಂದೆ ಗಲ್ಫಿನಲ್ಲಿದ್ದು ವರ್ಷಕ್ಕೊಮ್ಮೆ ಬರುವ ಮನೆಗಳಲ್ಲಿ, ಫೋನಿನ ಮೊದಲ ಪ್ರಶ್ನೆಯೇ ಟೆಸ್ಟಿನ ಮಾರ್ಕ್ಸ್. ಆ ಪ್ರಶ್ನೆಯ ಹಿಂದಿರುವ ದುಡಿಮೆಯ ಬೆವರು ನಮಗೆ ಗೊತ್ತು. ಓದಬೇಕು, ಚೆನ್ನಾಗಿಯೇ ಓದಬೇಕು. ನಾನು ಕೇಳುತ್ತಿರುವುದು ಓದಿಗೆ ಬದಲಾಗಿ ಆಟವನ್ನಲ್ಲ. ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಸ್ವಲ್ಪ ಹೊತ್ತನ್ನು.

ಆ ಹೊತ್ತೂ ಎಲ್ಲರಿಗೂ ಒಂದೇ ಸಮನಾಗಿ ಸಿಗುವುದಿಲ್ಲ. ಕಾಲೇಜು ಬಿಟ್ಟ ಮೇಲೆ ಹುಡುಗರಲ್ಲಿ ಕೆಲವರು ಅಂಗಡಿಯಲ್ಲಿ ಕೂರುತ್ತಾರೆ, ಉಳಿದವರಿಗೆ ಮೈದಾನವಾದರೂ ಇದೆ. ನಮ್ಮಂತಹ ಹುಡುಗಿಯರಿಗೆ ರಜೆ ಎಂದರೆ ಅಡುಗೆಮನೆ. ರಂಝಾನಿನಲ್ಲಿ ಇಫ್ತಾರಿನ ತಯಾರಿಗೆ ಉಮ್ಮನ ಜೊತೆ ನಿಲ್ಲುವುದು ನನಗೆ ಇಷ್ಟವೇ. ಆದರೆ ಅಣ್ಣ ಸುಮ್ಮನೆ ಕೂತರೆ ‘ಪಾಪ, ಓದಿ ಸುಸ್ತಾಗಿದ್ದಾನೆ’ ಎನ್ನುವ ಮನೆಯವರು, ನಾನು ಸುಮ್ಮನೆ ಕೂತರೆ ‘ಕೆಲಸವಿಲ್ಲವಾ?’ ಎಂದು ಕೇಳುತ್ತಾರೆ. ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ ಎಂದು ಗೆಳತಿಯರಿಗೆ ಗೊತ್ತು.

ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ, ವಿಶ್ರಾಂತಿ, ಬಿಡುವು ಮತ್ತು ಆಟವನ್ನು ಮಗುವಿನ ಹಕ್ಕು ಎಂದು ಕರೆಯುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಅದರ ಪ್ರಕಾರ 18 ವರ್ಷದ ಒಳಗಿನವರೆಲ್ಲ ಮಕ್ಕಳು. ಅಂದರೆ ನಮ್ಮ ಕಾಲೇಜಿನ ಹೆಚ್ಚುಕಡಿಮೆ ಎಲ್ಲರೂ. ಆ ವಿಧಿಯಲ್ಲಿ ‘ಅಂಕ ಹೆಚ್ಚುವುದಾದರೆ’ ಎಂಬ ಷರತ್ತಿಲ್ಲ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ಶನಿವಾರದ ಕೊನೆಯ ಪೀರಿಯಡನ್ನು ಖಾಲಿ ಬಿಡಿ. ಅದಕ್ಕೆ ಹೆಸರು ಬೇಡ, ಚಟುವಟಿಕೆ ವರದಿ ಬೇಡ, ಸ್ಪರ್ಧೆ ಬೇಡ, ಬಹುಮಾನವೂ ಬೇಡ. ಲೈಬ್ರರಿಯ ಬಾಗಿಲು ತೆರೆದಿರಲಿ, ಗೈಡ್‌ಗಳ ಹಿಂದೆ ಅಡಗಿರುವ ಕತೆ ಪುಸ್ತಕಗಳು ಮುಂದಿನ ಸಾಲಿಗೆ ಬರಲಿ. ಮೈದಾನದಲ್ಲಿ ಹುಡುಗಿಯರಿಗೂ ಒಂದು ಬದಿ ಇರಲಿ. ಮರದ ಕೆಳಗೆ ಕೂತು ಮೋಡ ನೋಡುವವರು ನೋಡಲಿ. ಸೋಮವಾರದ ಟೆಸ್ಟಿನಲ್ಲಿ ಇದರಿಂದ ಅರ್ಧ ಮಾರ್ಕು ಹೆಚ್ಚುತ್ತದೆ ಎಂದು ನಾನು ಭರವಸೆ ಕೊಡುವುದಿಲ್ಲ. ಹೆಚ್ಚದಿದ್ದರೂ ಆ ಪೀರಿಯಡ್ ಹಾಗೆಯೇ ಇರಲಿ ಎಂಬುದೇ ನನ್ನ ವಿನಂತಿ.